ಘಟ್ಟಕ್ಕೊಂದು ಪ್ರದಕ್ಷಿಣೆ: ಕ್ರಿ. ಶ. ೧೬೨೩

ಹೊನ್ನಾವರದಿಂದ ಮಂಗಳೂರಿನವರೆಗೆ ಹಬ್ಬಿರುವ ಕರಾವಳಿಯಲ್ಲಿ ಕಡಲಿಗೂ ಸಹ್ಯಾದ್ರಿಗೂ ನಡುವಣ ನೆಲವು ಬಹು ಕಿರಿದು. ಭಟ್ಕಳ, ಬೈಂದೂರುಗಳ ಬಳಿಯಲ್ಲಂತೂ ಬೆಟ್ಟವು ಸಮುದ್ರವನ್ನು ನೋಡಲೆಂದೇ ಮುಂದೆ ಬಂದು ನಿಂತಂತೆ ತೋರುವುದು. ಘಟ್ಟದ ಮೇಲೆ ಸುರಿಯುವ ಮುಂಗಾರಿನ ನೀರು ಶರಾವತಿ, ಸೌಪರ್ಣಿಕೆ, ವಾರಾಹಿ ಮೊದಲಾದ ಹೊಳೆಗಳಾಗಿ, ಕಲ್ಲನ್ನು ಕೊರೆದು ಆಳವಾದ ಕೊಳ್ಳಗಳನ್ನು ಮಾಡಿಕೊಂಡು ಪಡುವಲಿಗೆ ಇಳಿಯುತ್ತದೆ. ಒಂದು ಕೊಳ್ಳಕ್ಕೂ ಇನ್ನೊಂದು ಕೊಳ್ಳಕ್ಕೂ ನಡುವೆ ಕಾಡು ಮುಚ್ಚಿದ ಬೆಟ್ಟಸಾಲು. ಆದುದರಿಂದ ಈ ನಾಡಿನಲ್ಲಿ ಘಟ್ಟವನ್ನೇರಬೇಕಾದವರು ಹೊಳೆಯ ಜಾಡನ್ನು ಹಿಡಿದೇ ಹೋಗಬೇಕಾಗುತ್ತಿತ್ತು. ಒಂದು ಕೊಳ್ಳದಲ್ಲಿ ಹತ್ತಿ, ಮೇಲಣ ಸೀಮೆಯನ್ನು ಕಂಡು, ಮತ್ತೊಂದು ಕೊಳ್ಳದಲ್ಲಿ ಇಳಿದು ಕಡಲನ್ನು ಸೇರುವುದು ಅಕ್ಕಿ, ಉಪ್ಪು, ಮೆಣಸುಗಳ ಹೇರಿನೊಡನೆ ಓಡಾಡುವವರಿಗೂ ಯಾತ್ರಿಕರಿಗೂ ನಿತ್ಯದ ಮಾತಾಗಿತ್ತು. ಎರಡು ಸಾವಿರ ಅಡಿಗಳಷ್ಟು ಏರಬೇಕಾದರೂ ಅದು ಅಸಾಧ್ಯವಾದ ಹಾದಿಯಲ್ಲ. ಹಾಗೆ ನಡೆದವರು ಸಾವಿರಾರು ಮಂದಿ. ನಡೆದುದನ್ನು ಬರೆದಿಟ್ಟವರು ಬಹು ಕಡಿಮೆ. ಬರೆದಿಟ್ಟ ಕೆಲವರಲ್ಲಿ ಪಿಯೆತ್ರೊ ದೆಲ್ಲ ವಾಲ್ಲೆ ಎಂಬ ರೋಮಾಪುರಿಯವನೊಬ್ಬನು.

ಈತನು ೧೫೮೬ರಲ್ಲಿ ರೋಮಿನ ಒಂದು ಶ್ರೀಮಂತ ಮನೆತನದಲ್ಲಿ ಹುಟ್ಟಿದನು. ವರ್ತಕನಲ್ಲ, ಪಾದ್ರಿಯಲ್ಲ, ಸೈನಿಕನಾಗಿ ಬಂದವನೂ ಅಲ್ಲ. ಪುಣ್ಯಕ್ಷೇತ್ರದ ಯಾತ್ರೆಗೆಂದು ೧೬೧೪ರಲ್ಲಿ ವೆನಿಸ್ಸನ್ನು ಬಿಟ್ಟವನು ತುರ್ಕಿ, ಈಜಿಪ್ಟು, ಜೆರೂಸಲೇಮುಗಳನ್ನು ಸುತ್ತಿ, ಬಾಗ್ದಾದಿನಲ್ಲಿ ಸಿತ್ತಿ ಮಾನಿ ಎಂಬ ಕ್ರೈಸ್ತ ತರುಣಿಯನ್ನು ಮದುವೆಯಾಗಿ, ಪಾರಸಿಕ ದೇಶದಲ್ಲಿ ಕೆಲವು ವರ್ಷಗಳನ್ನು ಕಳೆದನು. ೧೬೨೧ರ ಕೊನೆಯಲ್ಲಿ ಹೊರ್ಮುಜಿನ ಸಮೀಪ ಆಕೆಯು ಜ್ವರದಿಂದ ತೀರಿಕೊಂಡಳು. ಅವಳ ದೇಹವನ್ನು ಕೆಡದಂತೆ ಮಾಡಿಸಿ ಪೆಟ್ಟಿಗೆಯಲ್ಲಿಟ್ಟು, ತಾನು ಹೊರಟ ದೇಶಗಳಿಗೆಲ್ಲ ಕೊಂಡೊಯ್ದು, ಕಡೆಗೆ ರೋಮಿಗೇ ಮುಟ್ಟಿಸಿ ೧೬೨೭ರಲ್ಲಿ ತನ್ನ ವಂಶದ ಸಮಾಧಿಯಲ್ಲಿ ಇಡಿಸಿದನು. ಇಂತಹ ಸಂಕಟವನ್ನು ಹೊತ್ತು ತಿರುಗುತ್ತಿದ್ದವನ ಬರವಣಿಗೆಯಲ್ಲಿ ಗೋಳಾಟವನ್ನು ನಿರೀಕ್ಷಿಸಿದವರಿಗೆ ಆಶ್ಚರ್ಯವಾದೀತು. ನೇಪಲ್ಸಿನ ವೈದ್ಯಮಿತ್ರನಾದ ಮಾರಿಯೊ ಸ್ಕಿಪಾನೊನಿಗೆ ಅವನು ಬರೆದ ಓಲೆಗಳಲ್ಲಿ ಊರು, ಉಡುಗೆ, ಊಟ, ಭಾಷೆ, ಗುಡಿಯ ಕಟ್ಟಡ, ಹೊಳೆಯ ನೀರಿನ ರುಚಿ ಎಲ್ಲವೂ ನಿಧಾನವಾಗಿ, ತಾಳ್ಮೆಯಿಂದ ಬಂದಿವೆ. ಇಂಡಿಯಾ ದೇಶದ ಓಲೆಗಳು ಅವನು ೧೬೫೨ರಲ್ಲಿ ಸತ್ತ ಮೇಲೆ, ೧೬೬೩ರಲ್ಲಿ ಅಚ್ಚಾದುವು.

ಗೋವೆಯಲ್ಲಿದ್ದಾಗ ಅವನಿಗೆ ಒಂದು ಅನುಕೂಲ ಒದಗಿತು. ಇಕ್ಕೇರಿಯ ವೆಂಕಟಪ್ಪನಾಯಕನ ಬಳಿಗೆ ಪೋರ್ಚುಗೀಸರು ಒಬ್ಬ ರಾಯಭಾರಿಯನ್ನು ಕಳುಹಿಸುವವರಿದ್ದರು. ವ್ಯವಹಾರ ಎರಡು ಬಗೆಯದು. ಒಂದು, ಮೆಣಸು; ಅದರ ಬೆಲೆ, ಅದನ್ನು ಕೊಳ್ಳುವ ಕರಾರು. ಇನ್ನೊಂದು, ಮಂಗಳೂರಿನ ಪಕ್ಕದ ಬಂಗರಾಜನ ಸಂಗತಿ. ಪೋರ್ಚುಗೀಸರ ಗೆಳೆಯನಾದ ಆ ಅರಸನ ಸೀಮೆಯನ್ನು ವೆಂಕಟಪ್ಪನು ಕಿತ್ತುಕೊಂಡಿದ್ದನು. ನಾಯಕನ ಪರವಾಗಿ ಗೋವೆಗೆ ಬಂದಿದ್ದ ವಿಠಲ ಶೆಣೈ ಎಂಬ ಬ್ರಾಹ್ಮಣ ದೂತನೂ ಈ ಮೇಳದೊಂದಿಗೆ ಹಿಂದಿರುಗುತ್ತಿದ್ದನು. ದೆಲ್ಲ ವಾಲ್ಲೆಯು ಯಾವ ಕೆಲಸವೂ ಇಲ್ಲದೆ, ಬರಿಯ ನೋಡುವ ಆಸೆಯಿಂದ ಅವರ ಜೊತೆ ಸೇರಿದನು. ಆದರೆ ಅವನು ಯಾರ ಜೊತೆ ನಡೆದನೆಂಬುದನ್ನು ವಾಚಕರು ಮರೆಯಬಾರದು: ಒಂದು ಕಡೆ ಮೆಣಸನ್ನು ಕೊಳ್ಳಹೊರಟವರು, ಇನ್ನೊಂದು ಕಡೆ ಮೆಣಸಿನ ನಾಡನ್ನು ಗೆದ್ದವನ ಮನುಷ್ಯನು. ದಾರಿಯಲ್ಲಿ ಅವನ ಕಿವಿಗೆ ಬಿದ್ದ ಕಥೆಗಳೆಲ್ಲ ಇವರ ಬಾಯಿಂದಲೋ ಇವರ ದುಭಾಷಿಗಳ ಬಾಯಿಂದಲೋ ಬಂದಿರಬೇಕು.

ಮಳೆಗಾಲ ಕಳೆದು ಸಮುದ್ರವು ಶಾಂತವಾದ ಮೇಲೆ, ೧೬೨೩ರ ಅಕ್ಟೋಬರಿನಲ್ಲಿ ಅವರು ಗೋವೆಯಿಂದ ಹೊರಟು ಹೊನ್ನಾವರದ ಕೋಟೆಯನ್ನು ಸೇರಿದರು. ಪೋರ್ಚುಗೀಸರ ಕೈಯಲ್ಲಿದ್ದ ಆ ಕೋಟೆಯಲ್ಲಿ ಕೆಲವು ದಿನ ನಿಂತು, ದೋಣಿಗಳಲ್ಲಿ ಶರಾವತಿಯ ಮೇಲ್ಮುಖವಾಗಿ ಗೇರಸೊಪ್ಪೆಗೆ ಹೋದರು. ಸುಮಾರು ಹದಿನೆಂಟು ಮೈಲಿಗಳ ಈ ಜಲಮಾರ್ಗದಲ್ಲಿ ಕಡಲ ಭರತವು ದೋಣಿಯನ್ನು ಒಳನಾಡಿಗೆ ತಳ್ಳಿಕೊಂಡು ಹೋಗುತ್ತದೆ; ಎರಡು ಕಡೆಯೂ ಬೆಟ್ಟ, ಬೆಟ್ಟದ ಬುಡದಲ್ಲಿ ತೆಂಗು ಅಡಕೆಗಳ ತೋಟ, ಮೇಲೆ ಕಾಡು. ಬಹು ದೇಶಗಳನ್ನು ಸುತ್ತಿ ನೈಲ್ ನದಿಯನ್ನೂ ಕಂಡು ಬಂದಿದ್ದ ಆ ಯಾತ್ರಿಕನು ಇಷ್ಟು ರಮ್ಯವಾದ ನದಿಯನ್ನು ಎಲ್ಲಿಯೂ ನೋಡಲಿಲ್ಲವೆಂಬ ಅರ್ಥದಲ್ಲಿ ಬರೆದಿರುವನು. ಆ ಹೊಳೆಯೇ ಇನ್ನಷ್ಟು ಮೇಲೆ ೮೩೦ ಅಡಿಗಳ ಕೆಳಕ್ಕೆ ಒಮ್ಮೆಗೇ ಧುಮುಕುವ ಜೋಗದ ಹೆಸರು ಮಾತ್ರ ಅವನ ಓಲೆಯಲ್ಲಿಲ್ಲ. ಕಣಿವೆಯ ಒಂದು ಮಗ್ಗುಲಿನ ದಾರಿಯಲ್ಲಿ ಏರಿದವರಿಗೆ ತಲೆಯ ಕಡೆಯ ಜಲಪಾತವು ಕಾಣಲಾರದು; ಮೇಳದವರಿಗೂ ಅದು ವ್ಯಾಪಾರಕ್ಕೆ ಬಾರದ ನೀರು.

ಗೇರಸೊಪ್ಪೆಯಲ್ಲಿ ಅವನು ಕಂಡದ್ದು ಹಾಳು. ಒಂದು ಕಾಲದಲ್ಲಿ ರಾಜಧಾನಿಯಾಗಿದ್ದ ಪಟ್ಟಣದಲ್ಲಿ ಕೆಲವು ಗುಡಿಸಲುಗಳು ಮಾತ್ರ ಉಳಿದಿದ್ದುವು. ಅರಮನೆಯ ಮೇಲೂ ಬೀದಿಗಳ ಮೇಲೂ ಮರಗಳು ಬೆಳೆದು ಕಾಡಾಗಿತ್ತು. ನಗಿರೆಯ ಅರಸರ ಈ ಪಟ್ಟಣವು ಬಿದ್ದು ಆಗ ಇಪ್ಪತ್ತು ವರ್ಷಗಳೂ ಆಗಿರಲಿಲ್ಲವೆಂಬುದನ್ನು ನೆನೆದರೆ, ಮಲೆನಾಡಿನ ಮಳೆಯೂ ಬಳ್ಳಿಯೂ ಮನುಷ್ಯನ ಕೆಲಸವನ್ನು ಎಷ್ಟು ಬೇಗ ಅಳಿಸಬಲ್ಲುವೆಂಬುದು ತಿಳಿಯುತ್ತದೆ. ಕಲ್ಲಿನ ಕೆಲಸ ಮಾತ್ರ ಅಳಿಯಲಿಲ್ಲ. ನಗರಬಸ್ತಿಕೇರಿಯ ಕಾಡಿನಲ್ಲಿ ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಚತುರ್ಮುಖ ಬಸದಿಯು ಇಂದಿಗೂ ನಿಂತಿದೆ.

ಅಲ್ಲಿಯೇ ಅವನಿಗೆ ಕಡೆಯ ರಾಣಿಯ ಕಥೆಯನ್ನು ಹೇಳಿದರು. ಆ ಸೀಮೆಯಲ್ಲಿ ಮೆಣಸು ಯಥೇಚ್ಛವಾಗಿ ಬೆಳೆಯುತ್ತಿದ್ದುದರಿಂದ ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿಯೆಂದು ಕರೆಯುತ್ತಿದ್ದರಂತೆ. ಅವಳು ಹೀನಕುಲದ ಒಬ್ಬ ಪರಸ್ಥಳದವನಲ್ಲಿ ಮನಸ್ಸಿಟ್ಟು ಅವನಿಗೆ ತನ್ನನ್ನೂ ಅಧಿಕಾರವನ್ನೂ ಒಪ್ಪಿಸಿದಳು; ಅವನು ಅವಳಿಗೆ ದ್ರೋಹ ಬಗೆದನು; ಜಗಳವು ಬೆಳೆದು ಒಬ್ಬರು ಪೋರ್ಚುಗೀಸರನ್ನೂ ಇನ್ನೊಬ್ಬರು ವೆಂಕಟಪ್ಪನನ್ನೂ ನೆರವಿಗೆ ಕರೆದರು; ವೆಂಕಟಪ್ಪನು ಮೊದಲು ಬಂದು ರಾಜ್ಯವನ್ನೇ ನುಂಗಿದನು. ಕಥೆಯ ತಿರುಳು ಇಷ್ಟು. ದೆಲ್ಲ ವಾಲ್ಲೆಯು ಅದನ್ನು ಹೆಚ್ಚು ಸಂದೇಹಪಡದೆ ಬರೆದುಕೊಂಡನು. ಇಟಲಿಯ ಓದುಗರಿಗೆ ಅದು ರುಚಿಸಿರಬೇಕು. ಆದರೆ ನಿಜವೇ?

ಗೇರಸೊಪ್ಪೆಯ ಕೊನೆಯ ರಾಣಿಯೆಂದು ಚರಿತ್ರಕಾರರು ಹೇಳುವ ಚೆನ್ನಭೈರಾದೇವಿಯು ೧೫೫೨ರ ಸುಮಾರಿಗೆ ಪಟ್ಟವೇರಿ ೧೬೦೬ರ ಸುಮಾರಿನವರೆಗೆ ಆಳಿದವಳು. ಅರ್ಧ ಶತಮಾನಕ್ಕೂ ಮಿಕ್ಕಿದ ಆಳ್ವಿಕೆ. ಆಗಿನ ಇಂಡಿಯಾ ದೇಶದಲ್ಲಿ ಗಂಡರಸರಿಗೂ ಇಷ್ಟು ದೀರ್ಘವಾದ ಆಳ್ವಿಕೆ ಅಪರೂಪ. ಅವಳು ಪೋರ್ಚುಗೀಸರೊಡನೆ ಕಾದಾಡಿದಳು, ಒಪ್ಪಂದವನ್ನೂ ಮಾಡಿಕೊಂಡಳು, ಮೆಣಸಿನ ವ್ಯಾಪಾರವನ್ನು ಕೈಯಲ್ಲಿಟ್ಟುಕೊಂಡಳು. ರಾಜ್ಯವು ಬಿದ್ದಾಗ ಅವಳು ವಯಸ್ಸಾದ ಮುದುಕಿಯೇ ಆಗಿದ್ದಿರಬೇಕು. ಐವತ್ತು ವರ್ಷ ಬಂದರು, ಘಟ್ಟ, ಸುಂಕಗಳನ್ನು ಸಂಭಾಳಿಸಿದ ಒಬ್ಬ ವೃದ್ಧೆಯು ಮುಪ್ಪಿನಲ್ಲಿ ಯಾವನೋ ಪರದೇಶಿಯ ಮೋಹದಿಂದ ಕೆಟ್ಟಳೆಂಬುದು ನಂಬಲು ಕಷ್ಟವಾದ ಮಾತು. ಇಕ್ಕೇರಿಯವರಿಗೆ ಕಡಲ ದಾರಿ ಬೇಕಾಗಿತ್ತು. ಮಲೆನಾಡಿನ ಅರಸನಿಗೆ ರೇವಿಲ್ಲದಿದ್ದರೆ ಕುದುರೆಯೂ ಇಲ್ಲ, ಹಣವೂ ಇಲ್ಲ. ಶರಾವತಿಯ ಕೊಳ್ಳವೇ ಆ ದಾರಿ, ಗೇರಸೊಪ್ಪೆಯೇ ಅದರ ಬಾಗಿಲು. ಬಾಗಿಲನ್ನು ಒಡೆದ ಕಾರಣವನ್ನು ಹುಡುಕಲು ಅಂತಃಪುರಕ್ಕೆ ಹೋಗಬೇಕಾದ ಅಗತ್ಯವೇನಿದೆ? ಸೋತವಳು ಹೆಂಗಸಾದರೆ ಗೆದ್ದವರು ಹೇಳುವ ಕಥೆಗೆ ಒಬ್ಬ ಪ್ರಿಯನು ಬೇಕಾಗುತ್ತಾನೆ. ಸೆರೆಯಾದ ಚೆನ್ನಭೈರಾದೇವಿಯು ಇಕ್ಕೇರಿಯಲ್ಲಿಯೇ ಕಡೆಯ ದಿನಗಳನ್ನು ಕಳೆದಳೆಂಬ ಪ್ರತೀತಿ ಇದೆ; ಅವಳ ಬಾಯಿಂದ ಬಂದ ಮಾತು ಒಂದಾದರೂ ಉಳಿದಿಲ್ಲ.

ಗೇರಸೊಪ್ಪೆಯಿಂದ ಮುಂದೆ ದೋಣಿಗೆ ಎಡೆಯಿಲ್ಲ. ಕಾಡಿನ ನೆರಳಿನಲ್ಲಿ ಘಟ್ಟವನ್ನೇರಿದ ಮೇಳವು ಬೆಟ್ಟದ ನೆತ್ತಿಯ ಮೇಲಿದ್ದ ಕೋಟೆಯನ್ನು ತಲುಪಿತು. ಅವನು ಗರಿಕೋಟ ಎಂದು ಬರೆದಿರುವ ಈ ಸ್ಥಳವು ಗೋವರ್ಧನಗಿರಿಯೆಂದು ಪಂಡಿತರು ಗುರುತಿಸಿದ್ದಾರೆ. ಈಗ ಸಾಗರ ತಾಲ್ಲೂಕಿನಲ್ಲಿ ಸೇರಿರುವ ಈ ದುರ್ಗವು ಕೆಳಗಣ ಕೊಳ್ಳಕ್ಕೂ ಮೇಲಣ ಸೀಮೆಗೂ ನಡುವಣ ಅಗುಳಿಯಂತಿದ್ದಿತು.

ಇಲ್ಲಿ ಹೊರೆಗಳನ್ನು ಸರಿಪಡಿಸಿಕೊಳ್ಳುವವರೆಗೆ ಕಾಯಬೇಕಾಗಿ ಬಂದಿತು. ರಾಯಭಾರಿಗಳು ಕಾಯುವ ಹೊತ್ತಿನಲ್ಲಿ ಬೇಸರಪಡುತ್ತಾರೆ. ದೆಲ್ಲ ವಾಲ್ಲೆಯು ಹೋಗಿ ಗುಡಿಯ ಮೊಗಸಾಲೆಯಲ್ಲಿ ಕುಳಿತನು. ಅಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದರು. ನೆಲದ ಮೇಲೆ ನಯವಾದ ಮರಳನ್ನು ಹರಡಿದ್ದರು. ಒಬ್ಬ ಹುಡುಗನು ಒಂದೊಂದಲೆ ಒಂದು ಎಂಬ ರೀತಿಯ ಪಾಠವನ್ನು ರಾಗವಾಗಿ ಎಳೆದು ಹಾಡುತ್ತ, ಹಾಡಿದುದನ್ನು ಬೆರಳಿನಿಂದ ಮರಳಿನಲ್ಲಿ ಬರೆಯುವನು. ಉಳಿದ ಮೂವರೂ ಅದೇ ರಾಗದಲ್ಲಿ ಅದನ್ನೇ ಹಾಡಿ ಬರೆಯುವರು. ಆಮೇಲೆ ಎರಡನೆಯವನ ಸರದಿ. ನೆಲವು ತುಂಬಿದರೆ ಮರಳನ್ನು ಸವರಿ ಹೊಸದಾಗಿ ಹರಡುವರು. ಕಾಗದವೂ ಇಲ್ಲ, ಲೇಖನಿಯೂ ಇಲ್ಲ, ಆ ಹೊತ್ತಿಗೆ ಗುರುವೂ ಇರಲಿಲ್ಲ. ಗುರುವಿಲ್ಲದಿರುವಾಗ ತಪ್ಪಿದರೆ ತಿದ್ದುವವರಾರೆಂದು ಅವನು ಕೇಳಿದನು. ನಾಲ್ವರೂ ಒಂದೇ ಕಡೆ ಒಟ್ಟಿಗೆ ತಪ್ಪುವುದು ಆಗದ ಮಾತು. ಒಬ್ಬನು ಮರೆತರೆ ಇನ್ನೊಬ್ಬನಿಗೆ ನೆನಪಿರುತ್ತದೆ ಎಂಬ ಉತ್ತರ ಬಂದಿತು. ರೋಮಿನ ಗೃಹಸ್ಥನು ಮೆಚ್ಚಿ ತಲೆದೂಗಿದನು.

ಮರಳಿನ ಮೇಲೆ ಬೆರಳೂರಿ ತಿದ್ದಿದ ಹಿರಿಯರು ಯಾವ ಮನೆಯಲ್ಲಿ ಇರಲಿಲ್ಲ? ಕೂಲಿಮಠಗಳಲ್ಲಿ ಬಹು ಕಾಲ ನಡೆದುಬಂದ ಈ ಪದ್ಧತಿಗೆ ಅವನ ಓಲೆಯಷ್ಟು ವಿವರವಾದ ಹಳೆಯ ಸಾಕ್ಷ್ಯವು ಅಪರೂಪ. ಇದಕ್ಕೆ ಮುಂಚೆ ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಇಬನ್ ಬತೂತನು ಆ ಪಟ್ಟಣದಲ್ಲಿ ಹೆಣ್ಣುಮಕ್ಕಳಿಗೆ ೧೩, ಗಂಡುಮಕ್ಕಳಿಗೆ ೨೩ ಪಾಠಶಾಲೆಗಳಿದ್ದುವೆಂದು ಎಣಿಸಿಟ್ಟಿದ್ದನು. ಒಳಗೆ ಹೇಗೆ ಕಲಿಸುತ್ತಿದ್ದರೆಂಬುದನ್ನು ಇಷ್ಟು ಬಿಡಿಸಿ ಹೇಳಿದವನು ದೆಲ್ಲ ವಾಲ್ಲೆ. ಮುಂದೆ ಆಂಡ್ರೂ ಬೆಲ್ ಎಂಬ ಪಾದ್ರಿಯು ಮದರಾಸಿನ ಅನಾಥಶಾಲೆಯಲ್ಲಿ ಮರಳಿನ ಮೇಲೆ ಬರೆಯಿಸಿ, ಹುಡುಗರಿಂದಲೇ ಹುಡುಗರಿಗೆ ಕಲಿಸುವ ಕ್ರಮವನ್ನು ನಡೆಸಿ, ಅದನ್ನು ೧೭೯೭ರಲ್ಲಿ ಪುಸ್ತಕವಾಗಿ ಪ್ರಕಟಿಸಿದಾಗ, ಇಂಗ್ಲೆಂಡಿನಲ್ಲಿ ಅದು ಮದರಾಸು ಪದ್ಧತಿಯೆಂದು ದೊಡ್ಡ ಹೆಸರನ್ನು ಪಡೆಯಿತು. ಗೋವರ್ಧನಗಿರಿಯ ನಾಲ್ವರು ಹುಡುಗರು ಅದಕ್ಕೂ ೧೭೪ ವರ್ಷ ಹಿಂದಿನವರು.

ಘಟ್ಟದ ಮೇಲೆ ನೆಲವು ಸಮವಾಗುತ್ತ ಹೋಗಿ ನವೆಂಬರು ತಿಂಗಳಲ್ಲಿ ಅವರು ಇಕ್ಕೇರಿಯನ್ನು ಸೇರಿದರು. ಬಿದಿರ ಮೆಳೆಗಳ ಬೇಲಿಗಳನ್ನು ದಾಟಿ ಒಳಹೋಗಬೇಕಾದ, ಮನೆಗಳಿಗಿಂತ ಮರಗಳು ಹೆಚ್ಚಾಗಿದ್ದ ವಿಸ್ತಾರವಾದ ಊರು ಅದು. ಅಘೋರೇಶ್ವರನ ದೇವಸ್ಥಾನ, ಕೊರಳಲ್ಲಿ ಲಿಂಗ ಧರಿಸಿದ ಜಂಗಮರು, ತೇರಿನ ಮೆರವಣಿಗೆ ಎಲ್ಲವನ್ನೂ ಅವನು ನೋಡಿದನು. ರಾಯಭಾರದ ಮಾತುಕತೆಗಳು ಎಳೆದಾಡಿಕೊಂಡು ನಡೆದುವು. ಮೆಣಸಿನ ಚೌಕಾಸಿಯ ಆ ವಿವರಗಳಲ್ಲಿ ಇಂದಿನವರಿಗೆ ರಸವಿಲ್ಲ. ಆದರೆ ಒಂದು ಸಂಜೆ ಊರ ಹೆಂಗಸರು ಕೈಯಲ್ಲಿ ಬಣ್ಣದ ಚಿಕ್ಕ ಕೋಲುಗಳನ್ನು ಹಿಡಿದು, ಒಂದಕ್ಕೊಂದು ತಾಕಿಸುತ್ತ, ಸುತ್ತು ಹಾಕಿ ಹಾಡುತ್ತ ಹೋಗುವುದನ್ನು ಅವನು ಕಂಡನು. ಪ್ರತಿಯೊಂದು ಚರಣದ ಕೊನೆಗೂ ಅವರು ಕೋಲೆ, ಕೋಲೆ, ಕೋಲೆ ಎಂದು ಕೂಗುತ್ತಿದ್ದರೆಂದೂ, ಅದು ಸಂತೋಷವನ್ನು ಸೂಚಿಸುವ ಉದ್ಗಾರವಾಗಿರಬೇಕೆಂದೂ ಬರೆದುಕೊಂಡನು. ಕೋಲಾಟವನ್ನು ಬಲ್ಲ ಕನ್ನಡಿಗರಿಗೆ ನಗು ಬರುವುದು ಸಹಜ. ಕೈಯ ಕೋಲನ್ನು ಕಣ್ಣು ಚೆನ್ನಾಗಿ ಕಂಡಿತು, ಬಾಯ ಕೋಲೆಯನ್ನು ಕಿವಿ ತಪ್ಪಾಗಿ ತಿಳಿಯಿತು. ಗೇರಸೊಪ್ಪೆಯಲ್ಲಿ ಆದದ್ದೂ ಇದೇ.

ಆದರೂ ಕೇಳಿದುದನ್ನೆಲ್ಲ ನಂಬುವ ಸ್ವಭಾವ ಅವನದಾಗಿತ್ತೆಂದು ಹೇಳಲಾಗದು. ಗಂಡನೊಡನೆ ಚಿತೆಯೇರುವ ಹೆಂಗಸರ ಸುದ್ದಿಯನ್ನು ಅವನು ಹಲವೆಡೆ ಕೇಳಿದ್ದನು. ಇಕ್ಕೇರಿಯಲ್ಲಿ ಒಬ್ಬಳು ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಯ ಹಣ್ಣು ಹಿಡಿದು ಕುದುರೆಯ ಮೇಲೆ ಬೀದಿಯಲ್ಲಿ ಹೋಗುವುದನ್ನು ಕಂಡನು. ಬಲವಂತದಿಂದ ಸುಡುತ್ತಾರೋ ತಾವಾಗಿ ಸಾಯುತ್ತಾರೋ ಎಂಬುದನ್ನು ತಿಳಿಯಲು, ಅಂತಹ ನಿರ್ಧಾರ ಮಾಡಿದ್ದ ಒಬ್ಬಳ ಮನೆಗೇ ದುಭಾಷಿಯನ್ನು ಕರೆದುಕೊಂಡು ಹೋದನು. ಅವಳ ಹೆಸರನ್ನು ಅವನು ಬರೆದಿರುವ ರೀತಿಯಿಂದ ಜಕ್ಕಮ್ಮನೆಂದು ಊಹಿಸಬಹುದು, ತೆಲುಗು ಜನದವಳು, ಗಂಡನು ಡೋಲು ಬಾರಿಸುವವನಾಗಿದ್ದನು. ಚಿಕ್ಕ ಮಕ್ಕಳನ್ನು ಬಿಟ್ಟು ಹೋಗುವುದು ಸರಿಯೇ ಎಂದು ಕೇಳಿ, ಅವಳ ಮನಸ್ಸನ್ನು ತಿರುಗಿಸಲು ನೋಡಿದನು. ತಾನು ಸ್ವಂತ ಇಚ್ಛೆಯಿಂದಲೇ ಹೊರಟವಳೆಂದು ಅವಳು ನಗುಮುಖದಿಂದ ಹೇಳಿದಳಂತೆ. ಹೆಂಡತಿಯ ಶವವನ್ನು ದೇಶದಿಂದ ದೇಶಕ್ಕೆ ಹೊತ್ತೊಯ್ಯುತ್ತಿದ್ದವನು ಆ ಮನೆಯಿಂದ ಯಾವ ಭಾವದಿಂದ ಹೊರಬಂದನೋ! ಅವಳ ಹೆಸರನ್ನು ಲೋಕಕ್ಕೆ ತಿಳಿಸುವೆನೆಂದು ಮಾತು ಕೊಟ್ಟು, ಅವಳ ಮೇಲೆ ಪದ್ಯಗಳನ್ನೂ ಬರೆದನು. ಆ ಕ್ರೂರ ಪದ್ಧತಿಯನ್ನು ಅವನು ಹೊಗಳಲಿಲ್ಲ; ಅವಳನ್ನು ಮರೆಯಲೂ ಇಲ್ಲ.

ನವೆಂಬರು ೨೨ನೆಯ ತಾರೀಖಿನ ಓಲೆಯನ್ನು ಇಕ್ಕೇರಿಯಲ್ಲಿ ಮುಗಿಸಿ, ಅವನು ರಾಯಭಾರದ ಮೇಳವನ್ನು ಬಿಟ್ಟು ಬೇರೊಂದು ಘಟ್ಟದಿಂದ ಕೆಳಗಿಳಿದನು. ಪ್ರದಕ್ಷಿಣೆಯ ಎರಡನೆಯ ಅರ್ಧವು ಇಲ್ಲಿಂದ ಮೊದಲಾಗುತ್ತದೆ. ಇಳಿಜಾರಿನ ಬುಡದಲ್ಲಿ ಕೊಲ್ಲೂರು. ದೂರದೂರದಿಂದ ಜನರು ಹರಕೆ ಹೊತ್ತು ಬರುವ ದೊಡ್ಡ ಗುಡಿಯೆಂದೂ, ಒಳಗಿರುವುದು ಸ್ತ್ರೀದೇವತೆಯೆಂದೂ ಮೂಕಾಂಬಿಕೆಯ ಸನ್ನಿಧಿಯನ್ನು ಅವನು ಬಣ್ಣಿಸಿರುವನು. ಅಲ್ಲಿಂದ ಬಸರೂರು. ಪೋರ್ಚುಗೀಸರದೊಂದು, ನಾಡವರದೊಂದು ಎಂದು ಆಗ ಎರಡು ಬಸರೂರುಗಳಿದ್ದುವು. ಕರಾವಳಿಯ ಅಕ್ಕಿಯು ಹೊರದೇಶಗಳಿಗೆ ಹೋಗುತ್ತಿದ್ದ ಮುಖ್ಯ ರೇವುಗಳಲ್ಲಿ ಅದೊಂದು. ಅಲ್ಲಿಂದ ಮಂಗಳೂರನ್ನು ಮುಟ್ಟಿ, ಡಿಸೆಂಬರು ೯ರಂದು ಮತ್ತೊಂದು ಓಲೆಯನ್ನು ಬರೆದನು.

ಮಂಗಳೂರಿನ ದಕ್ಷಿಣಕ್ಕೆ, ನೇತ್ರಾವತಿಯ ಆಚೆ ಉಳ್ಳಾಲ. ಅದರ ರಾಣಿಯ ಕಥೆಯೂ ಅವನ ಕಿವಿಗೆ ಬಿದ್ದಿತು. ಅವಳು ಬಂಗರಾಜನನ್ನು ಮದುವೆಯಾಗಿದ್ದು, ಅಗಲಿ, ವೈರ ಬೆಳೆದು, ಅವಳು ವೆಂಕಟಪ್ಪನನ್ನು ನೆರವಿಗೆ ಕರೆದಳು. ೧೬೧೮ರಲ್ಲಿ ವೆಂಕಟಪ್ಪನ ಸೈನ್ಯವು ಬಂಗನನ್ನೂ ಅವನಿಗೆ ಸಹಾಯವಾಗಿ ನಿಂತ ಪೋರ್ಚುಗೀಸರನ್ನೂ ಸೋಲಿಸಿತು. ಈ ಕಥೆಯನ್ನು ಗೇರಸೊಪ್ಪೆಯ ಕಥೆಯ ಪಕ್ಕದಲ್ಲಿಟ್ಟು ನೋಡತಕ್ಕದ್ದು. ಎರಡರಲ್ಲಿಯೂ ಒಬ್ಬ ರಾಣಿ, ಒಬ್ಬ ಮುನಿದ ಗಂಡಸು, ಒಂದು ಕಡೆ ಪೋರ್ಚುಗೀಸರು, ಇನ್ನೊಂದು ಕಡೆ ಕರೆದುದರಿಂದ ಮಾತ್ರ ಬಂದ ವೆಂಕಟಪ್ಪನಾಯಕ. ಎರಡರ ಕೊನೆಯಲ್ಲಿಯೂ ಇಕ್ಕೇರಿಯ ಸೀಮೆಯು ಒಂದು ಹೊಳೆಯ ಬಾಯಿಯವರೆಗೆ ಬೆಳೆಯುತ್ತದೆ. ಉಳ್ಳಾಲದ ಸಂಗತಿಗೆ ಬೇರೆ ಆಧಾರಗಳೂ ಉಂಟು. ಅದು ಬಹುಮಟ್ಟಿಗೆ ನಿಜವಿರಬಹುದು. ಆದರೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಎರಡು ಬೊಂಬೆಗಳನ್ನು ಕಂಡಾಗ ಅಚ್ಚು ಯಾರದೆಂದು ವಿಚಾರಿಸುವುದು ಚರಿತ್ರಕಾರನ ಧರ್ಮ.

ಈ ರಾಣಿಯನ್ನು ಮಾತ್ರ ಅವನು ಕಥೆಯಲ್ಲಿ ಬಿಡಲಿಲ್ಲ. ಅವಳು ಮಣೇಲಿನಲ್ಲಿರುವಳೆಂದು ತಿಳಿದು ಅಲ್ಲಿಗೇ ಹೋದನು. ಅರಮನೆಯಲ್ಲಿ ದರ್ಶನವಾದೀತೆಂದು ಕಾದಿದ್ದವನಿಗೆ ಅವಳು ಬೀದಿಯಲ್ಲಿಯೇ ಎದುರಾದಳು. ನಾಲ್ವತ್ತರ ಸುಮಾರಿನ, ಕಪ್ಪು ಬಣ್ಣದ ಹೆಂಗಸು, ಬರಿಗಾಲು, ಸೊಂಟಕ್ಕೆ ಒಂದು ಸಾದಾ ಹತ್ತಿಯ ಬಟ್ಟೆ, ತಲೆಯ ಮೇಲಿಂದ ಹೆಗಲಿಗೆ ಇಳಿಬಿಟ್ಟ ಇನ್ನೊಂದು ಬಟ್ಟೆ. ನೋಡುವುದಕ್ಕೆ ಅಡಿಗೆಯವಳೋ ಅಗಸಗಿತ್ತಿಯೋ ಎಂಬಂತಿದ್ದಳು, ಬಾಯಿ ತೆರೆದಾಗ ರಾಣಿಯೆಂಬುದು ತಿಳಿಯಿತು ಎಂದು ಅವನು ಮುಚ್ಚುಮರೆಯಿಲ್ಲದೆ ಬರೆದಿರುವನು. ಅವಳು ಆಗ ಹೋಗುತ್ತಿದ್ದುದು ಗದ್ದೆಗಳಿಗೆ ನೀರು ತರಲು ತೋಡಿಸುತ್ತಿದ್ದ ಕಾಲುವೆಯ ಕೆಲಸವನ್ನು ನೋಡುವುದಕ್ಕೆ. ಯಾವ ದೇಶದಿಂದ ಬಂದೆ, ಮನೆಯನ್ನು ಬಿಟ್ಟು ಏಕೆ ತಿರುಗುವೆ ಎಂದು ಅವಳು ನಿಂತಲ್ಲಿಯೇ ವಿಚಾರಿಸಿದಳು. ಮುಂದೆ ಅವಳ ಮಗನಾದ ಚೆಲುವರಾಯನು ಅವನನ್ನು ಕರೆದು ಬಾಳೆಯೆಲೆಯಲ್ಲಿ ಊಟ ಬಡಿಸಿಸಿದನು. ಈ ರಾಣಿಯ ಮೇಲೆಯೂ ಊರವರು ಕೆಟ್ಟ ಮಾತುಗಳನ್ನು ಆಡುತ್ತಿದ್ದರು; ಅವನು ಅವನ್ನೂ ಬರೆದುಕೊಂಡನು. ಆದರೆ ಮೂರು ಶತಮಾನಗಳ ಮೇಲೆ ಅವನ ಪುಸ್ತಕವನ್ನು ತೆರೆದವರ ಕಣ್ಣ ಮುಂದೆ ನಿಲ್ಲುವುದು ಆ ಮಾತುಗಳಲ್ಲ. ಕೆಸರಿನ ಬದುವಿನ ಮೇಲೆ ಬರಿಗಾಲಿನಲ್ಲಿ ನಡೆದು ಕಾಲುವೆಯನ್ನು ನೋಡಹೋಗುವ ಹೆಂಗಸು. ಹದಿನೇಳು ವರ್ಷ ಮುಂಚೆ ಇಂತಹ ಯಾತ್ರಿಕನೊಬ್ಬನು ಶರಾವತಿಯ ದಡಕ್ಕೆ ಬಂದಿದ್ದರೆ ಚೆನ್ನಭೈರಾದೇವಿಯೂ ಹೀಗೆಯೇ ಉಳಿಯುತ್ತಿದ್ದಳು.

ಮಂಗಳೂರಿನಿಂದ ಕಲ್ಲಿಕೋಟೆಗೆ ಹೋಗಿ ಸಾಮೂದಿರಿಯನ್ನು ಕಂಡು, ಸಮುದ್ರಮಾರ್ಗವಾಗಿ ಹಿಂದಿರುಗಿ ೧೬೨೪ರ ಜನವರಿಯಲ್ಲಿ ಅವನು ಗೋವೆಯಲ್ಲಿದ್ದನು. ವೆಂಕಟಪ್ಪನಾಯಕನು ೧೬೨೯ರಲ್ಲಿ ತೀರಿಕೊಂಡನು. ಮುಂದೆ ಹತ್ತು ಹನ್ನೆರಡು ವರ್ಷಗಳೊಳಗೆ ರಾಜಧಾನಿಯು ಬಿದನೂರಿಗೆ ಹೋಯಿತು. ೧೮೦೧ರಲ್ಲಿ ಬ್ಯೂಕನನ್ ಸಾಹೇಬನು ಇಕ್ಕೇರಿಗೆ ಬಂದಾಗ ಕೋಟೆಯ ಸುತ್ತುಗಳ ಗುರುತೂ ದೇವಸ್ಥಾನವೂ ಇದ್ದುವೇ ಹೊರತು ಪಟ್ಟಣವಿರಲಿಲ್ಲ. ಗೆದ್ದ ಊರೂ ಸೋತ ಊರಿನ ಹಾದಿಯನ್ನೇ ಹಿಡಿದಿತ್ತು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಘಟ್ಟದ ಮೇಲಣ ಶರಾವತಿಯ ಬಯಲು ನೀರಿನಲ್ಲಿ ಮುಳುಗಿತು. ಆಮೇಲೆ ಗೇರಸೊಪ್ಪೆಯ ಬಳಿಯಲ್ಲಿಯೂ ಹೊಳೆಗೆ ಅಡ್ಡಲಾಗಿ ಕಟ್ಟೆ ಎದ್ದಿತು. ಅದರ ಕೆಳಗೆ ಹೊನ್ನಾವರದವರೆಗೂ ಕಡಲ ಭರತವು ಈಗಲೂ ದಿನಕ್ಕೆರಡು ಬಾರಿ ಏರಿ ಬರುತ್ತದೆ. ನಗರಬಸ್ತಿಕೇರಿಯ ಬಸದಿಯ ನಾಲ್ಕು ಬಾಗಿಲುಗಳೂ ತೆರೆದೇ ಇವೆ.